ಎದುರಿಗೆ ಯಾರೂ ಇಲ್ಲದ ಫೈನಲ್

ನಮ್ಮ ಪಕ್ಕದ ಮನೆಯ ಅಜ್ಜನಿಗೆ ಸೌತ್ ಸಿಡ್ನಿ ರಗ್ಬಿ ತಂಡ ಅಂದರೆ ಆಗುವುದಿಲ್ಲ. ಇದು ಗೊತ್ತಾಗಿದ್ದು ನಾವು ಸಿಡ್ನಿಯ ಲಿಲಿಫೀಲ್ಡ್‌ನಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ವರ್ಷ. ಮಗಳಿಗೆ ಶಾಲೆಯ ಗೆಳತಿಯೊಬ್ಬಳು ಆ ತಂಡದ ಬಣ್ಣದ, ಕೆಂಪು-ಹಸಿರು ಪಟ್ಟೆಯ ಉಣ್ಣೆ ಟೋಪಿ ಕೊಟ್ಟಿದ್ದಳು. ಅದನ್ನು ಹಾಕಿಕೊಂಡು ಅವಳು ಬೇಲಿಯ ಹತ್ತಿರ ಆಡುತ್ತಿದ್ದಳು. ಗಿಡಕ್ಕೆ ನೀರು ಬಿಡುತ್ತಿದ್ದ ಅಜ್ಜ ಪೈಪು ಕೆಳಗಿಟ್ಟು ಬಂದು, 'ಆ ಟೋಪಿ ತೆಗೆದರೆ ಮಾತ್ರ ನಿಂಬೆಹಣ್ಣು' ಅಂದರು. ಅವರ ಹಿತ್ತಲಿನ ನಿಂಬೆಹಣ್ಣು ವಾರಕ್ಕೊಮ್ಮೆ ಬೇಲಿ ದಾಟಿ ನಮ್ಮ ಚಿತ್ರಾನ್ನಕ್ಕೆ ಬರುತ್ತಿತ್ತು, ಹಾಗಾಗಿ ಇದು ಸಣ್ಣ ಬೆದರಿಕೆ ಏನಲ್ಲ. ನಾನು ನಕ್ಕೆ. ಅವರೂ ನಕ್ಕರು, ಆದರೆ ಪೂರ್ತಿ ನಗಲಿಲ್ಲ. ಯಾಕೆ ಸೌತ್ಸ್ ಮೇಲೆ ಇಷ್ಟು ಸಿಟ್ಟು ಎಂದು ಕೇಳಿದ್ದಕ್ಕೆ ಒಂದೇ ಒಂದು ಇಸವಿ ಹೇಳಿದರು. '1909.'

ನಾನು 1999 ಅಂತ ಕೇಳಿಸಿಕೊಂಡೆ. ಅವರು ತಿದ್ದಿದರು. ಹತ್ತೊಂಬತ್ತುನೂರಾ ಒಂಬತ್ತು. ಅವರು ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲು. 'ಆ ವರ್ಷದ ಫೈನಲ್ ನಾವು ಸೋತಿಲ್ಲ. ನಾವು ಹೋಗಲಿಲ್ಲ. ಅವರೂ ಹೋಗಲ್ಲ ಅಂದಿದ್ದರು. ಆಮೇಲೆ ಹೋದರು.' ಇಷ್ಟು ಹೇಳಿ ಮತ್ತೆ ಪೈಪು ಹಿಡಿದರು. ಅಜ್ಜ ಸಿಡ್ನಿಯ ಬಾಲ್ಮೇನ್ ಬಡಾವಣೆಯವರು, ಅಪ್ಪ-ತಾತನ ಕಾಲದಿಂದಲೂ. 'ನಾವು' ಅಂದರೆ ಬಾಲ್ಮೇನ್ ತಂಡ.

ಆ ರಾತ್ರಿ ಕೂತು ಅದೇನು ಅಂತ ಓದಿದೆ. ಓದಿದ ಮೇಲೆ ಒಂದು ಚಿತ್ರ ತಲೆಯಲ್ಲಿ ಕೂತುಬಿಟ್ಟಿತು, ಇವತ್ತಿಗೂ ಎದ್ದು ಹೋಗಿಲ್ಲ. ಒಂದು ದೊಡ್ಡ ಮೈದಾನ. ಒಂದು ಕಡೆ ಹದಿಮೂರು ಜನ ಸಾಲಾಗಿ ನಿಂತಿದ್ದಾರೆ. ಇನ್ನೊಂದು ಕಡೆ ಯಾರೂ ಇಲ್ಲ, ಬರೀ ಹುಲ್ಲು. ರೆಫರಿ ಸೀಟಿ ಊದುತ್ತಾರೆ. ಹದಿಮೂರು ಜನರಲ್ಲಿ ಒಬ್ಬ ಚೆಂಡನ್ನು ಒದೆಯುತ್ತಾನೆ. ಅವರೇ ಓಡಿ ಹೋಗಿ ಅದನ್ನು ಎತ್ತಿಕೊಳ್ಳುತ್ತಾರೆ. ಅಡ್ಡ ಬರುವವರು ಯಾರೂ ಇಲ್ಲ. ನೇರ ಓಡಿ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರುತ್ತಾರೆ. ಟ್ರೈ! ಆಟ ಮುಗಿಯಿತು. ಸೌತ್ ಸಿಡ್ನಿ 1909ರ ಚಾಂಪಿಯನ್.

ನನಗೆ ಕೊರೆಯುವುದು ಆ ಟ್ರೈ. ಎದುರಾಳಿ ಬರಲಿಲ್ಲ ಅಂದರೆ ಗೆದ್ದ ಹಾಗೇ ಅಲ್ವಾ? ಸುಮ್ನೆ ನಿಂತಿದ್ದರೂ ಕಪ್ ಅವರದ್ದೇ ಆಗುತ್ತಿತ್ತು. ಹಾಗಿದ್ದರೂ ಒದ್ದು, ಓಡಿ, ಚೆಂಡು ಊರಿ ಬಂದರಲ್ಲ, ಆಗ ಅವರ ಮುಖ ಹೇಗಿತ್ತು?

ಒಂದು ಭುಜದ ಕಥೆ

ರಗ್ಬಿಯಲ್ಲಿ ಎರಡು ಪಂಗಡ ಇರುವುದು ನಿಮಗೆ ಗೊತ್ತಿರಬಹುದು. ಹದಿನೈದು ಜನ ಆಡುವುದು ಯೂನಿಯನ್, ಹದಿಮೂರು ಜನ ಆಡುವುದು ಲೀಗ್. ಸಿಡ್ನಿಯಲ್ಲಿ ಫುಟಿ ಅಂದರೆ ಸಾಮಾನ್ಯವಾಗಿ ಎರಡನೆಯದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಿರಣಿ, ಗಣಿಗಳ ಕೆಲಸಗಾರರು 1895ರಲ್ಲೇ ಯೂನಿಯನ್ ಬಿಟ್ಟು ಹೊರಬಂದಿದ್ದರು. ಜಗಳ ದುಡ್ಡಿನದ್ದು. ಶನಿವಾರ ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿ ಹೋಗುತ್ತದೆ, ಅದನ್ನು ತುಂಬಿಕೊಡಿ ಎಂದು ಕೇಳಿದರು. ಆಟ ಆಡುವುದು ಖುಷಿಗೆ, ಕಾಸಿಗಲ್ಲ ಎಂದು ದೊಡ್ಡವರು ಹೇಳಿದರು. ಇದನ್ನು ಹೇಳುವವರಿಗೆ ಶನಿವಾರ ಕೂಲಿ ತಪ್ಪುವ ಭಯ ಇರುವುದಿಲ್ಲ, ಅದು ಬೇರೆ ವಿಷಯ.

ಸಿಡ್ನಿಗೆ ಇದು ಹನ್ನೆರಡು ವರ್ಷ ತಡವಾಗಿ ಬಂತು. 1907ರಲ್ಲಿ ಅಲೆಕ್ಸ್ ಬರ್ಡನ್ ಎಂಬ ಆಟಗಾರ ಭುಜಕ್ಕೆ ಪೆಟ್ಟು ಮಾಡಿಕೊಂಡ, ಕೆಲಸಕ್ಕೆ ಹೋಗಲಾಗಲಿಲ್ಲ. ಯೂನಿಯನ್‌ನಿಂದ ಪರಿಹಾರ ಸಿಗಲಿಲ್ಲ. ಅದೇ ವರ್ಷ ಜುಲೈಯಲ್ಲಿ ನ್ಯೂಜಿಲೆಂಡ್ ವಿರುದ್ಧದ ಒಂದು ಪಂದ್ಯಕ್ಕೆ ಸಿಡ್ನಿಯಲ್ಲಿ 52,000 ಜನ ಸೇರಿದ್ದರು. ಅಷ್ಟೂ ಜನ ಕೊಟ್ಟ ಗೇಟಿನ ದುಡ್ಡು ಎಲ್ಲಿ ಹೋಯಿತು, ನಮ್ಮ ಭುಜಕ್ಕೆ ಯಾಕೆ ನಾಲ್ಕು ಕಾಸಿಲ್ಲ? ಯಾರಾದರೂ ಕೇಳಲೇಬೇಕಾಗಿದ್ದ ಪ್ರಶ್ನೆ. ಕೇಳಿದವರು ಕೂತು ಮಾತಾಡುತ್ತಿದ್ದ ಜಾಗಗಳಲ್ಲಿ ಒಂದು ವಿಕ್ಟರ್ ಟ್ರಂಪರ್‌ನ ಆಟದ ಸಾಮಾನಿನ ಅಂಗಡಿ. ಹೌದು, ಅದೇ ಟ್ರಂಪರ್, ಕ್ರಿಕೆಟ್ ಹುಚ್ಚಿರುವ ನಮ್ಮ ಅಪ್ಪನ ಬಾಯಲ್ಲಿ ಬ್ರಾಡ್‌ಮನ್‌ಗಿಂತ ಮೊದಲು ಬರುತ್ತಿದ್ದ ಹೆಸರು. ಆಗಸ್ಟ್ 8ರಂದು ಜಾರ್ಜ್ ಸ್ಟ್ರೀಟಿನ ಬೇಟ್‌ಮನ್ಸ್ ಕ್ರಿಸ್ಟಲ್ ಹೋಟೆಲಿನಲ್ಲಿ ಸಭೆ ಸೇರಿ ಹೊಸ ಲೀಗ್ ಕಟ್ಟಿದರು. ಹೆನ್ರಿ ಹೊಯ್ಲ್ ಅಧ್ಯಕ್ಷ, ಜೇಮ್ಸ್ ಗಿಲ್ಟಿನನ್ ಕಾರ್ಯದರ್ಶಿ, ಟ್ರಂಪರ್ ಖಜಾಂಚಿ.

1908ರ ಏಪ್ರಿಲ್ 20, ಈಸ್ಟರ್ ಸೋಮವಾರ, ಮೊದಲ ಪಂದ್ಯಗಳು ನಡೆದವು. ಇದರಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಬಾಲ್ಮೇನ್ ಮತ್ತು ಸೌತ್ಸ್ ಎರಡೂ ತಂಡಗಳು ತಮ್ಮ ಜೀವನದ ಮೊದಲ ಲೀಗ್ ಪಂದ್ಯ ಆಡಿದ್ದು ಒಂದೇ ದಿನ, ಒಂದೇ ಮೈದಾನದಲ್ಲಿ. ಬರ್ಚ್‌ಗ್ರೋವ್ ಓವಲ್. ಸೌತ್ಸ್ 11-7ರಿಂದ ನಾರ್ತ್ ಸಿಡ್ನಿಯನ್ನು ಸೋಲಿಸಿತು, ಬಾಲ್ಮೇನ್ 24-0ಯಿಂದ ವೆಸ್ಟರ್ನ್ ಸಬರ್ಬ್ಸ್ ಅನ್ನು. ಆ ಮೈದಾನ ಈಗಲೂ ಇದೆ, ಸಮುದ್ರದ ನೀರಿಗೆ ತಾಗಿಕೊಂಡೇ ಇದೆ. ನಾನು ಭಾನುವಾರ ವಾಕಿಂಗ್ ಹೋಗುತ್ತೇನೆ. ಒಂದು ತಂಡ ಆಡುವಾಗ ಇನ್ನೊಂದು ತಂಡದವರು ಗೆರೆಯ ಹೊರಗೆ ಕೂತು ನೋಡಿರಬೇಕು ಅಂದುಕೊಳ್ಳುತ್ತೇನೆ. ಅವರೆಲ್ಲ ಒಂದೇ ಜಾತಿಯ ಜನ. ಬಾಲ್ಮೇನ್‌ನವರು ಹಡಗು ಕಟ್ಟುವ ಮೋರ್ಟ್ಸ್ ಡಾಕ್‌ನಂಥ ಕಡೆ ದುಡಿಯುವವರು, ಸೌತ್ಸ್‌ನವರು ರೆಡ್‌ಫರ್ನ್ ಸುತ್ತಲಿನ ರೈಲ್ವೆ ವರ್ಕ್‌ಶಾಪು, ಕಾರ್ಖಾನೆಗಳ ಕಡೆಯವರು. ಸೌತ್ಸ್‌ಗೆ ರ‍್ಯಾಬಿಟೋಸ್ ಅನ್ನುವ ಅಡ್ಡಹೆಸರು ಬಂದದ್ದೇ ಬೀದಿಯಲ್ಲಿ ಮೊಲದ ಮಾಂಸ ಕೂಗಿ ಮಾರುತ್ತಿದ್ದವರಿಂದ ಅನ್ನುತ್ತಾರೆ. ದೊಡ್ಡವರ ಆಟ ಬಿಟ್ಟು ಬಂದ ಬಡವರು, ಇಬ್ಬರೂ.

ಆ ವರ್ಷ ಕಪ್ ಸೌತ್ಸ್‌ಗೆ ಹೋಯಿತು, ಫೈನಲ್‌ನಲ್ಲಿ ಈಸ್ಟರ್ನ್ ಸಬರ್ಬ್ಸ್ ವಿರುದ್ಧ 14-12. ಅದು ನಿಜವಾದ ಆಟ.

1909

ಎರಡನೆಯ ವರ್ಷ ಶುರುವಾಗುವಾಗಲೇ ಲೀಗ್ ಮುಳುಗುವ ಹಂತದಲ್ಲಿತ್ತು. ಕಾಂಗರೂಸ್ ಹೆಸರಿನ ಆಸ್ಟ್ರೇಲಿಯಾ ತಂಡವನ್ನು ಗಿಲ್ಟಿನನ್ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿದ್ದ. ಕೈ ಸುಟ್ಟುಕೊಂಡ. ಅಲ್ಲಿ ಹತ್ತಿ ಗಿರಣಿಗಳು ಬಂದ್ ಆಗಿದ್ದವು, ಕೂಲಿ ಇಲ್ಲದ ಜನ ಟಿಕೆಟ್ ಎಲ್ಲಿ ಕೊಳ್ಳುತ್ತಾರೆ? ಹವಾಮಾನವೂ ಕೆಟ್ಟದಾಗಿತ್ತು. ಕೊನೆಗೆ ಆಟಗಾರರು ಊರಿಗೆ ಬರಲು ಹಡಗಿನ ಖರ್ಚನ್ನು ಅಲ್ಲಿನವರೇ ಕೊಡಬೇಕಾಯಿತು. ಗಿಲ್ಟಿನನ್ ದಿವಾಳಿಯಾದ. ಇತ್ತ ಸಿಡ್ನಿಯಲ್ಲಿ ಲೆಕ್ಕಪತ್ರದ ಗಲಾಟೆ ಎದ್ದು ಹೊಯ್ಲ್, ಗಿಲ್ಟಿನನ್, ಟ್ರಂಪರ್ ಮೂವರನ್ನೂ ಹೊರಗೆ ಕಳಿಸಿದರು. ಕಟ್ಟಿದವರನ್ನೇ ಎರಡು ವರ್ಷದೊಳಗೆ ಹೊರಹಾಕುವುದು ನಮ್ಮ ಸಂಘಗಳಲ್ಲೂ ನೋಡಿದ್ದೇವೆ ಬಿಡಿ.

ಎಂಟು ತಂಡ ಆಡಿದವು. ಹಿಂದಿನ ವರ್ಷ ಇದ್ದ ಕಂಬರ್ಲೆಂಡ್ ಒಂದೇ ಸೀಸನ್ನಿಗೆ ಸುಸ್ತಾಗಿ ಮನೆಗೆ ಹೋಗಿತ್ತು. ನೂರೈವತ್ತು ಕಿಲೋಮೀಟರಿಗೂ ದೂರದ ನ್ಯೂಕಾಸಲ್ ಇನ್ನೂ ಬರುತ್ತಿತ್ತು, ಅದೂ ಆ ವರ್ಷವೇ ಕೊನೆ. ಸೌತ್ಸ್ ಮೊದಲ ಜಾಗ, ಬಾಲ್ಮೇನ್ ಎರಡನೆಯದು, ಫೈನಲ್‌ಗೆ ಇವೇ ಎರಡು. ಇಲ್ಲಿಯವರೆಗೆ ಎಲ್ಲ ಸರಿ.

ಆಗ ದುಡ್ಡು ಬಂತು. ಜೇಮ್ಸ್ ಜಾಯ್ನ್‌ಟನ್ ಸ್ಮಿತ್ ಎಂಬ ಹೋಟೆಲ್ ಉದ್ಯಮಿ, ಮುಂದೆ ಸಿಡ್ನಿಯ ಮೇಯರ್ ಕೂಡ ಆದ ಮನುಷ್ಯ, ಒಂದು ಐಡಿಯಾ ಮಾಡಿದ. ಯೂನಿಯನ್‌ನ ಆಸ್ಟ್ರೇಲಿಯಾ ತಂಡ ವಾಲಬೀಸ್ ಆಗ ತಾನೇ ಹೆಸರು ಮಾಡಿತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಬಂದಿತ್ತು. (ಆ ಒಲಿಂಪಿಕ್ಸ್‌ನಲ್ಲಿ ರಗ್ಬಿ ಆಡಿದ್ದು ಎರಡೇ ತಂಡ. ಅಂದರೆ ಒಂದೇ ಮ್ಯಾಚಿಗೆ ಚಿನ್ನ. ನಮ್ಮ ಅಜ್ಜನಿಗೆ ಇದನ್ನು ಹೇಳುವುದು ಬಹಳ ಇಷ್ಟ.) ಅದರಲ್ಲಿ ಹದಿನಾಲ್ಕು ಜನರನ್ನು ಸ್ಮಿತ್ ದುಡ್ಡು ಕೊಟ್ಟು ಲೀಗ್ ಕಡೆಗೆ ಎಳೆದ. ನಾಯಕ ಕ್ರಿಸ್ ಮೆಕಿವಟ್‌ಗೆ 200 ಪೌಂಡ್ ಅನ್ನುತ್ತಾರೆ, ಕೂಲಿಯವನೊಬ್ಬ ಒಂದು ವರ್ಷ ಬೆನ್ನು ಬಗ್ಗಿಸಿದರೂ ಸಿಗದ ಮೊತ್ತ. ಯೂನಿಯನ್ ಅವರನ್ನೆಲ್ಲ ಜೀವನಪೂರ್ತಿ ಹೊರಗಿಟ್ಟಿತು. ಸೆಪ್ಟೆಂಬರಿನಲ್ಲಿ ಕಾಂಗರೂಸ್ ವಿರುದ್ಧ ವಾಲಬೀಸ್, ಲೀಗ್ ನಿಯಮದಲ್ಲಿ, ಸಾಲು ಸಾಲು ಪಂದ್ಯ. ಜನ ಮುಗಿಬಿದ್ದರು. ಸರಣಿ ಕೊನೆಗೆ 2-2ರಲ್ಲಿ ನಿಂತಿತು.

ಆ ನಾಲ್ಕನೆಯ ಪಂದ್ಯ ಸೆಪ್ಟೆಂಬರ್ 18, ಶನಿವಾರ, ಅಗ್ರಿಕಲ್ಚರಲ್ ಗ್ರೌಂಡಿನಲ್ಲಿ. ಅವತ್ತೇ, ಅದೇ ಮೈದಾನದಲ್ಲಿ, ಅದಕ್ಕಿಂತ ಮೊದಲು ಲೀಗಿನ ಫೈನಲ್ ಇಟ್ಟರು. ಅಂದರೆ ಇಡೀ ವರ್ಷ ಆಡಿ ಬಂದ ಎರಡು ತಂಡಗಳ ಫೈನಲ್ಲು, ದೊಡ್ಡ ಪಂದ್ಯಕ್ಕೆ ಜನ ಬಂದು ಕೂರುವ ತನಕ ಹೊತ್ತು ಕಳೆಯುವ ಆಟ. ಯಕ್ಷಗಾನದಲ್ಲಿ ಪ್ರಸಂಗ ಶುರುವಾಗುವ ಮೊದಲು ಬರುವ ಕೋಡಂಗಿ ವೇಷದ ಹಾಗೆ. ಮಕ್ಕಳು ಕಲಿಯುವುದಕ್ಕೆ ಕುಣಿಯುವ ಹೊತ್ತಲ್ಲಿ ಮುಖ್ಯ ವೇಷಧಾರಿಯನ್ನು ಕುಣಿ ಅಂದಂತಾಯಿತು.

ಬಾಲ್ಮೇನ್ ಆಗಲ್ಲ ಅಂದಿತು. ಬೇರೆ ದಿನ ಇಡಿ ಎಂದು ಕೇಳಿತು, ಲೀಗ್ ಒಪ್ಪಲಿಲ್ಲ. ಆಮೇಲೆ ನಡೆದದ್ದರ ಬಗ್ಗೆಯೇ ಎರಡು ಮಾತು. ಎರಡೂ ಕ್ಲಬ್ಬಿನವರು ಸೇರಿ, ಇಬ್ಬರೂ ಆಡುವುದು ಬೇಡ ಎಂದು ಒಪ್ಪಿಕೊಂಡಿದ್ದೆವು ಅನ್ನುವುದು ಬಾಲ್ಮೇನ್ ಮಾತು. ಅಂಥ ಯಾವ ಒಪ್ಪಂದವೂ ಇರಲಿಲ್ಲ ಅನ್ನುವುದು ಸೌತ್ಸ್ ಮಾತು. ಕಾಗದ ಇಲ್ಲ, ಸಹಿ ಇಲ್ಲ. ಶನಿವಾರ ಮಧ್ಯಾಹ್ನ ಬಾಲ್ಮೇನ್‌ನವರು ಮೈದಾನಕ್ಕೆ ಬಂದರು, ಆದರೆ ಗೇಟಿನ ಹೊರಗೇ ನಿಂತು ಜನರನ್ನು ಒಳಗೆ ಹೋಗಬೇಡಿ ಎಂದು ಕೇಳಿಕೊಂಡರು. ಒಳಗೆ ಸೌತ್ಸ್ ಬಂದು ಸಾಲಾಗಿ ನಿಂತಿತು. ಸೀಟಿ. ಒದೆತ. ಆ ಟ್ರೈ.

ಬಾಲ್ಮೇನ್‌ನ ಜನ ಗೇಟಿನ ಹೊರಗೆ ನಿಂತದ್ದು ನನಗೆ ಆಶ್ಚರ್ಯ ತರಲಿಲ್ಲ. 1891ರಲ್ಲಿ ಆಸ್ಟ್ರೇಲಿಯಾದ ಲೇಬರ್ ಪಕ್ಷದ ಮೊದಲ ಶಾಖೆ ಹುಟ್ಟಿದ್ದು ಬಾಲ್ಮೇನ್‌ನ ಒಂದು ಪಬ್ಬಿನಲ್ಲಿ ಅಂತ ಆ ಊರಿನವರು ಹೆಮ್ಮೆಯಿಂದ ತೋರಿಸುತ್ತಾರೆ. ಕಾರ್ಖಾನೆ ಗೇಟಿನಲ್ಲಿ ಮುಷ್ಕರಕ್ಕೆ ನಿಂತು ಅಭ್ಯಾಸ ಇದ್ದವರು ಮೈದಾನದ ಗೇಟಿನಲ್ಲೂ ನಿಂತರು. ಅವರ ಲೆಕ್ಕದಲ್ಲಿ ಸೌತ್ಸ್ ಮಾಡಿದ್ದು ಮುಷ್ಕರ ಮುರಿದ ಕೆಲಸ. ಬಾಲ್ಮೇನ್‌ನಂಥ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಜ್ಜನ ಸಿಟ್ಟಿನ ಬೇರು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ, ಕಪ್ ಹೋದದ್ದರಲ್ಲಿ ಅಲ್ಲ.

ಖಾಲಿ ಅಂಕಣ

ಇನ್ನು ನನ್ನ ಕಥೆ. ಇದನ್ನು ಮನೆಯವರಿಗೂ ಸರಿಯಾಗಿ ಹೇಳಿರಲಿಲ್ಲ.

ಒಂಬತ್ತನೇ ಕ್ಲಾಸು. ತಾಲೂಕು ಮಟ್ಟದ ಕ್ರೀಡಾಕೂಟ. ನಾನು ನಮ್ಮ ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ರೈಡರ್. ದೊಡ್ಡ ಆಟಗಾರ ಏನಲ್ಲ, ತೆಳ್ಳಗಿದ್ದೆ, ಜಾರಿಕೊಂಡು ಬರುತ್ತಿದ್ದೆ ಅಷ್ಟೆ. ಹಿಂದಿನ ದಿನ ಸೆಮಿಫೈನಲ್ ಗೆದ್ದಿದ್ದೆವು. ಮಾರನೆಯ ದಿನ ಬೆಳಿಗ್ಗೆ ಫೈನಲ್. ರಾತ್ರಿ ಮಳೆ ಬಂದು ಅಂಕಣ ಒದ್ದೆಯಾಗಿತ್ತು, ಯಾರೋ ಮರದ ಹೊಟ್ಟು ತಂದು ಹರಡಿ, ಸುಣ್ಣದ ಗೆರೆಗಳನ್ನು ಮತ್ತೆ ಹಾಕಿದ್ದರು. ನಾವು ಚಡ್ಡಿ ಬನಿಯನ್ನಿನಲ್ಲಿ ನಡುಗುತ್ತಾ ನಿಂತಿದ್ದೆವು. ಎದುರಿನ ತಂಡ ಬರಲಿಲ್ಲ. ಮೈಕಿನಲ್ಲಿ ಮೂರು ಸಲ ಕರೆದರು. ವೇದಿಕೆಯ ಮೇಲೆ ಮುಖ್ಯ ಅತಿಥಿ ಆಗಲೇ ಬಂದು ಕೂತು ವಾಚು ನೋಡಿಕೊಳ್ಳುತ್ತಿದ್ದರು.

ವಾಕ್‌ಓವರ್ ಅಂತ ಘೋಷಿಸಿದರೆ ಮುಗಿಯುತ್ತಿತ್ತು. ಆದರೆ ಮೇಲ್ವಿಚಾರಕರೊಬ್ಬರಿಗೆ ಎಲ್ಲ ಕ್ರಮಪ್ರಕಾರ ಆಗಬೇಕು. ತಂಡ ಅಂಕಣದಲ್ಲಿ ನಿಲ್ಲಲಿ, ಒಂದು ರೈಡ್ ಹೋಗಿ ಬರಲಿ, ಆಮೇಲೆ ಬರೆಯೋಣ ಅಂದರು. ನಮ್ಮ ಪಿ.ಟಿ. ಮೇಷ್ಟ್ರು ನನ್ನ ಬೆನ್ನಿಗೆ ತಟ್ಟಿ, 'ಹೋಗೋ, ಹೋಗಿ ಬಾ' ಅಂದರು. ಹೋದೆ. ನಡುಗೆರೆ ದಾಟಿ ಕಬಡ್ಡಿ ಕಬಡ್ಡಿ ಎಂದು ಶುರು ಮಾಡಿದೆ. ಎದುರಿಗೆ ಒದ್ದೆ ಹೊಟ್ಟು. ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ರೂಢಿಯಿಂದ ಬಾಗಿದೆ, ಎಡಕ್ಕೆ ಹೋದೆ, ಬಲಕ್ಕೆ ಹೋದೆ, ಯಾರೂ ಇಲ್ಲದ ಮೂಲೆಗೆ ಕೈ ಬೀಸಿದೆ ಕೂಡ. ನನ್ನ ದನಿ ನನಗೇ ಕೇಳುತ್ತಿತ್ತು, ಆಟದಲ್ಲಿ ಅದು ಯಾವತ್ತೂ ಕೇಳಿರಲಿಲ್ಲ. ಸುತ್ತ ನಿಂತ ಹುಡುಗರು ಮೊದಲು ನಕ್ಕರು, ಆಮೇಲೆ ನಗುವುದನ್ನೂ ನಿಲ್ಲಿಸಿದರು. ವಾಪಸ್ ಬಂದು ಗೆರೆ ಮುಟ್ಟಿದೆ. ಸೀಟಿ ಊದಿದರು. ನಾವು ತಾಲೂಕು ಚಾಂಪಿಯನ್.

ಅರ್ಧ ಗಂಟೆ ಕಳೆದಿರಬೇಕು. ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. ಮೈದಾನದ ಗೇಟಿನಲ್ಲಿ ಒಂದು ಟೆಂಪೋ ಬಂದು ನಿಂತಿತು. ಹಿಂದೆ ನಿಂತುಕೊಂಡೇ ಬಂದಿದ್ದ ಹುಡುಗರು ಧುಮುಕಿದರು, ಆಗಲೇ ಜೆರ್ಸಿ ಹಾಕಿಕೊಂಡು ತಯಾರಾಗಿ ಬಂದಿದ್ದರು. ಅವರಿಗೆ ಹೇಳಿದ್ದು ಮಧ್ಯಾಹ್ನ ಊಟದ ಮೇಲೆ ಅಂತೆ. ಮುಖ್ಯ ಅತಿಥಿಗೆ ಬೇರೆ ಕಡೆ ಹೋಗುವುದಿತ್ತು, ಅದಕ್ಕೆ ಹೊತ್ತು ಬದಲಾಗಿತ್ತು. ಆ ಸುದ್ದಿ ಅವರ ಊರಿಗೆ ಮುಟ್ಟಿರಲಿಲ್ಲ. ಅವರ ಮೇಷ್ಟ್ರು ಹೋಗಿ ಕೂಗಾಡಿದರು. ಅವರ ತಂಡದ ನಾಯಕ, ಗಿಡ್ಡಗೆ ಗಟ್ಟಿಯಾಗಿದ್ದ ಹುಡುಗ, ಅಂಕಣದ ಹತ್ತಿರ ಹೋಗಿ ಹೊಟ್ಟಿನ ಮೇಲೆ ಇದ್ದ ಕಾಲಿನ ಗುರುತುಗಳನ್ನು ನೋಡಿದ. ಅವನ ಕಡೆಯ ಅರ್ಧದಲ್ಲಿ ನನ್ನೊಬ್ಬನ ಹೆಜ್ಜೆ ಮಾತ್ರ ಇದ್ದವು. ಆಮೇಲೆ ನಮ್ಮ ಕಡೆ ತಿರುಗಿ ನೋಡಿದ. ನಾನು ಉಪ್ಪಿಟ್ಟಿನ ಎಲೆಗೆ ಮುಖ ಹಾಕಿದೆ.

ಸರ್ಟಿಫಿಕೇಟ್ ಊರಿನ ಟ್ರಂಕಿನಲ್ಲಿದೆ. 'ಪ್ರಥಮ ಸ್ಥಾನ' ಅಂತ ಬರೆದಿದೆ. ವಾಕ್‌ಓವರ್ ಅಂತ ಎಲ್ಲೂ ಬರೆದಿಲ್ಲ.

ಹಾಗಾದರೆ ಯಾರು ಸರಿ

ಮೊದಲು ಓದಿದಾಗ ನಾನು ಪೂರ್ತಿ ಬಾಲ್ಮೇನ್ ಪಕ್ಷ. ಗೇಟಿನ ದುಡ್ಡು ತಿಂದು ಆಟಗಾರನನ್ನು ಕಡೆಗಣಿಸಿದರು ಎಂದು ತಾನೇ ಈ ಲೀಗ್ ಹುಟ್ಟಿದ್ದು? ಎರಡೇ ವರ್ಷದಲ್ಲಿ ಅದೇ ಲೀಗ್, ಬಿಟ್ಟು ಬಂದ ಮನೆಯ ಆಟಗಾರರಿಗೆ ನೂರಾರು ಪೌಂಡ್ ಸುರಿದು, ತನ್ನದೇ ಹುಡುಗರಿಗೆ ನೀವು ಮೊದಲು ಆಡಿ ಜಾಗ ಬಿಡಿ ಅಂದಿತು. ಬರ್ಡನ್‌ನ ಭುಜ ಇವರಿಗೆ ಇಷ್ಟು ಬೇಗ ಮರೆತುಹೋಯಿತಾ ಅಂತ ಸಿಟ್ಟು ಬಂತು.

ಆದರೆ ಲೀಗಿನ ಖಜಾನೆ ಕಡೆಯಿಂದ ನೋಡಿದರೆ ಆ ವಾಲಬೀಸ್ ಪಂದ್ಯಗಳು ಇಲ್ಲದಿದ್ದರೆ 1910ನೆಯ ಸೀಸನ್ ನಡೆಯುತ್ತಿತ್ತೋ ಇಲ್ಲವೋ. ಆ ಹದಿನಾಲ್ಕು ಜನ ಬಂದ ಮೇಲೆಯೇ ಗಾಳಿ ತಿರುಗಿದ್ದು. ಮರುವರ್ಷ ಇಂಗ್ಲೆಂಡಿನಿಂದ ಲೀಗ್ ತಂಡ ಬಂದಾಗ ಮೊದಲ ಟೆಸ್ಟಿಗೆ ಅದೇ ಮೈದಾನದಲ್ಲಿ 42,000 ಜನ. ಸಿಡ್ನಿ ಇವತ್ತಿಗೂ ಲೀಗಿನ ಊರಾಗಿ ಉಳಿದಿರುವುದಕ್ಕೆ ಬಾಲ್ಮೇನ್ ಬೇಡ ಅಂದ ಆ ದುಡ್ಡೂ ಒಂದು ಕಾರಣ. ಇದನ್ನು ಅಜ್ಜನ ಮುಂದೆ ಹೇಳಿದರೆ ನಿಂಬೆಹಣ್ಣು ನಿಂತೇ ಹೋಗುತ್ತದೆ. ಹಾಗಂತ ಒಂದು ಶನಿವಾರ ಫೈನಲ್‌ಗೆ ಬಿಟ್ಟುಕೊಟ್ಟಿದ್ದರೆ ಲೀಗೇನೂ ಮುಳುಗುತ್ತಿರಲಿಲ್ಲ. ಅಷ್ಟೊಂದು ಜನ ಸೇರುವ ಊರಿನಲ್ಲಿ ಇನ್ನೊಂದು ಶನಿವಾರ ಸಿಗಲಿಲ್ಲ ಅಂದರೆ ನಾನು ನಂಬಲ್ಲ. ಅದು ಮನಸ್ಸಿಲ್ಲದ್ದು, ಅಷ್ಟೆ.

ಸೌತ್ಸ್ ಬಗ್ಗೆ ಮಾತ್ರ ನನಗೆ ಒಂದು ಕಡೆ ನಿಲ್ಲಲು ಆಗುತ್ತಿಲ್ಲ. ಮಾತು ಕೊಟ್ಟು ಮುರಿದರು ಅಂತಾದರೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮಾತೇ ಕೊಟ್ಟಿರಲಿಲ್ಲ ಅಂತಾದರೆ, ಬಾ ಅಂದ ದಿನ ಬಂದು ನಿಂತವರನ್ನು ಯಾಕೆ ಬೈಯಬೇಕು? ಇನ್ನೂ ಒಂದು ಸಾಧ್ಯತೆ ಇದೆ, ನನಗೆ ಇದೇ ಹೆಚ್ಚು ನಿಜ ಅನ್ನಿಸುವುದು. ಯಾರೋ ಇಬ್ಬರು ಪದಾಧಿಕಾರಿಗಳು ಎಲ್ಲೋ ನಿಂತು ಮಾತಾಡಿರುತ್ತಾರೆ. ಒಬ್ಬ 'ಇದು ಸರಿಯಿಲ್ಲ, ನಾವು ಆಡಬಾರದು' ಅಂದಿರುತ್ತಾನೆ. ಇನ್ನೊಬ್ಬ 'ಹೂಂ' ಅಂದಿರುತ್ತಾನೆ. ಆ ಹೂಂ ಒಬ್ಬನಿಗೆ ಒಪ್ಪಿಗೆ, ಇನ್ನೊಬ್ಬನಿಗೆ ಬರೀ ಕೇಳಿಸಿಕೊಂಡೆ ಅನ್ನುವ ಹೂಂ. ನಮ್ಮ ಮನೆಯಲ್ಲಿ ಇಂಥ ಹೂಂನಿಂದ ತಿಂಗಳಿಗೊಂದು ಜಗಳ ಆಗುತ್ತದೆ. ಇವರದ್ದು ನೂರು ವರ್ಷ ದಾಟಿತು.

ಆ ಟ್ರೈ ಊರಿದವನ ಬಗ್ಗೆ ಈಗ ಸ್ವಲ್ಪ ಮೃದುವಾಗಿದ್ದೇನೆ. ಅವನಿಗೂ ಯಾರೋ ಬೆನ್ನಿಗೆ ತಟ್ಟಿ ಹೋಗಿ ಬಾ ಅಂದಿರಬಹುದು.

ತೀರಿದ ಲೆಕ್ಕ, ತೀರದ ಲೆಕ್ಕ

ಬಾಲ್ಮೇನ್‌ಗೆ ಮೊದಲ ಕಪ್ ಸಿಕ್ಕಿದ್ದು 1915ರಲ್ಲಿ, ಒಂದೂ ಪಂದ್ಯ ಸೋಲದೆ. ಮರುವರ್ಷದ ಫೈನಲ್‌ನಲ್ಲಿ ಸೌತ್ಸ್‌ನನ್ನೇ 5-3ರಿಂದ ಸೋಲಿಸಿದರು. 1924ರಲ್ಲಿ 3-0, ಆಗ ಟ್ರೈಗೆ ಮೂರು ಅಂಕ, ಅಂದರೆ ಇಡೀ ಫೈನಲ್‌ಗೆ ಒಂದೇ ಟ್ರೈ. 1939ರಲ್ಲಿ 33-4. ನೀವು ನೋಡಿದರೆ ಸಾಲ ಬಡ್ಡಿ ಸಮೇತ ತೀರಿದೆ. ಆದರೆ ಯಾರನ್ನು ಕೇಳಿದರೂ ಹೇಳುವುದು 1969. ಆ ವರ್ಷ ಸೌತ್ಸ್ ಭಾರಿ ತಂಡ, ಹಿಂದಿನ ಎರಡು ವರ್ಷವೂ ಅವರದ್ದೇ ಕಪ್, ಗೆಲ್ಲುವುದು ಗ್ಯಾರಂಟಿ ಅಂತ ಎಲ್ಲರೂ ಅಂದುಕೊಂಡಿದ್ದರು. ಬಾಲ್ಮೇನ್ 11-2ರಿಂದ ಗೆದ್ದಿತು. ಗೆದ್ದದ್ದಕ್ಕಿಂತ ಗೆದ್ದ ರೀತಿ ಪ್ರಸಿದ್ಧ. ಸೌತ್ಸ್ ಓಟಕ್ಕೆ ಬಿದ್ದಾಗೆಲ್ಲ ಬಾಲ್ಮೇನ್ ಆಟಗಾರರು ಒಬ್ಬೊಬ್ಬರಾಗಿ ಪೆಟ್ಟಾಯಿತು ಎಂದು ನೆಲಕ್ಕೆ ಮಲಗಿದರು, ಆಟ ನಿಂತಿತು, ಸೌತ್ಸ್ ಲಯ ತಪ್ಪಿತು. ಅಜ್ಜ ಅವತ್ತು ಮೈದಾನದಲ್ಲಿದ್ದರು, ಇಪ್ಪತ್ತರ ಹುಡುಗ. 'ನಟನೆ ಅಂತಾರೆ. ಒಬ್ಬಿಬ್ಬರಿಗೆ ನಿಜವಾಗಿ ಪೆಟ್ಟಾಗಿತ್ತು' ಅನ್ನುತ್ತಾರೆ, ಕಣ್ಣು ಬೇರೆ ಕಡೆ ತಿರುಗಿಸಿ.

ಅದೇ ಬಾಲ್ಮೇನ್‌ನ ಕೊನೆಯ ಕಪ್. ಒಟ್ಟು 11. ಸೌತ್ಸ್ 2014ರಲ್ಲಿ ಗೆದ್ದು 21 ಮಾಡಿಕೊಂಡಿತು, 1909ರದ್ದೂ ಅದರಲ್ಲೇ ಸೇರಿದೆ. ಅಜ್ಜನ ಲೆಕ್ಕದಲ್ಲಿ ಅದು ಇಪ್ಪತ್ತೇ.

1999ರ ಕಡೆ ಬಂದರೆ ಕಥೆ ವಿಚಿತ್ರ. ತಂಡಗಳು ಜಾಸ್ತಿಯಾದವು ಎಂದು ಲೀಗ್ ಕತ್ತರಿ ಹಿಡಿಯಿತು. ಬಾಲ್ಮೇನ್ ಉಳಿಯಲು ವೆಸ್ಟರ್ನ್ ಸಬರ್ಬ್ಸ್ ಜೊತೆ ಸೇರಿ ವೆಸ್ಟ್ಸ್ ಟೈಗರ್ಸ್ ಆಯಿತು. 1908ರ ಮೊದಲ ದಿನ 24-0ಯಿಂದ ಹೊಡೆದ ತಂಡದ ಜೊತೆಗೇ ಸಂಸಾರ! ಸೌತ್ಸ್ ಯಾರ ಜೊತೆಗೂ ಸೇರಲ್ಲ ಅಂದಿತು, ಹೊರಗೆ ಬಿತ್ತು. ಆಗ ಸೌತ್ಸ್ ಜನ ಬೀದಿಗೆ ಇಳಿದರು. 2000ದ ನವೆಂಬರಿನಲ್ಲಿ ಸುಮಾರು 80,000 ಜನ ಮೆರವಣಿಗೆ ಮಾಡಿದರು. ಕೋರ್ಟಿಗೆ ಹೋಗಿ, ಹೋರಾಡಿ, 2002ರಲ್ಲಿ ವಾಪಸ್ ಬಂದರು. ತೊಂಬತ್ತು ವರ್ಷದ ಮೇಲೆ ಗೇಟಿನ ಹೊರಗೆ ನಿಲ್ಲುವ ಸರದಿ ಅವರದ್ದಾಯಿತು. ಅಜ್ಜನಿಗೆ ಖುಷಿಯಾಗಿರಬೇಕು ಅಂತ ಕೇಳಿದೆ. 'ಆ ಮೆರವಣಿಗೆಗೆ ನಾನೂ ಹೋಗಿದ್ದೆ' ಅಂದರು. ಸೌತ್ಸ್ ಟೋಪಿ ಮಾತ್ರ ಹಾಕಿರಲಿಲ್ಲವಂತೆ.

ಅಗ್ರಿಕಲ್ಚರಲ್ ಗ್ರೌಂಡ್ ಇದ್ದದ್ದು ಮೂರ್ ಪಾರ್ಕಿನಲ್ಲಿ, ಸಿಡ್ನಿ ಕ್ರಿಕೆಟ್ ಗ್ರೌಂಡಿನ ಪಕ್ಕದಲ್ಲೇ. ಈಗ ಅಲ್ಲಿ ಸಿನಿಮಾ ಸ್ಟುಡಿಯೋ, ಥಿಯೇಟರು, ತಿಂಡಿ ಅಂಗಡಿಗಳು. ಮಗಳನ್ನು ಸಿನಿಮಾಗೆ ಕರೆದುಕೊಂಡು ಹೋದ ಒಂದು ಸಂಜೆ, ಗೇಟ್ ಯಾವ ಕಡೆ ಇದ್ದಿರಬಹುದು ಎಂದು ಸುತ್ತು ಹಾಕಿದೆ. ಅವಳಿಗೆ ಪಾಪ್‌ಕಾರ್ನ್ ತಣ್ಣಗಾಗುವ ಚಿಂತೆ. ಗೊತ್ತಾಗಲಿಲ್ಲ, ಬಂದುಬಿಟ್ಟೆವು.

ಹೋದ ತಿಂಗಳು ಅಜ್ಜನ ಜೊತೆ ಲೈಕಾರ್ಟ್ ಓವಲ್‌ಗೆ ಹೋಗಿದ್ದೆ. ಟೈಗರ್ಸ್ ಈಗಲೂ ವರ್ಷದಲ್ಲಿ ಕೆಲವು ಪಂದ್ಯ ಅಲ್ಲಿ ಆಡುತ್ತದೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹುಲ್ಲಿನ ದಿಬ್ಬದ ಮೇಲೆ ಟವೆಲ್ ಹಾಸಿ ಕೂತಿದ್ದೆವು. ಅರ್ಧ ಆಟ ಮುಗಿದಾಗ, ಯಾಕೋ ಗೊತ್ತಿಲ್ಲ, ಕಬಡ್ಡಿ ಕಥೆ ಹೇಳಿಬಿಟ್ಟೆ. ಕಬಡ್ಡಿ ಅಂದರೆ ಏನು ಅಂತ ಹೇಳುವುದಕ್ಕೇ ಐದು ನಿಮಿಷ ಹೋಯಿತು. ಉಸಿರು ಬಿಡದೆ ಹೋಗಬೇಕು ಅಂದಾಗ ಅವರಿಗೆ ಭಾರಿ ಖುಷಿ. ಆಮೇಲೆ ಟೆಂಪೋ ಬಂದದ್ದು, ಆ ಹುಡುಗ ನೋಡಿದ್ದು ಎಲ್ಲ ಹೇಳಿದೆ. ಅವರು ಸ್ಯಾಂಡ್‌ವಿಚ್ ತಿನ್ನುವುದು ನಿಲ್ಲಿಸಿ ಕೇಳಿದರು.

'ಯಾವ ಶಾಲೆ ಅದು?'

ಬಾಯಿ ತೆರೆದೆ. ಹೆಸರು ಬರಲಿಲ್ಲ. ಹೊಟ್ಟಿನ ಬಣ್ಣ ನೆನಪಿದೆ, ಉಪ್ಪಿಟ್ಟಿನಲ್ಲಿ ಶುಂಠಿ ಜಾಸ್ತಿ ಇದ್ದದ್ದು ನೆನಪಿದೆ. ನಮ್ಮೂರಿನ ಪೂರ್ವಕ್ಕಿತ್ತಾ, ಘಟ್ಟದ ಕಡೆಯದ್ದಾ, ಅದೂ ಹೊಳೆಯಲಿಲ್ಲ. ನೆನಪಿಲ್ಲ ಅಂದೆ. ಅಜ್ಜ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, 'ನೀನು ಸೌತ್ಸ್‌ನವನೇ' ಅಂದು ಜೋರಾಗಿ ನಕ್ಕರು, ಈ ಸಲ ಪೂರ್ತಿ. ಅಷ್ಟರಲ್ಲಿ ಎರಡನೇ ಅರ್ಧ ಶುರುವಾಯಿತು, ಮೊದಲ ಚೆಂಡನ್ನೇ ಟೈಗರ್ಸ್ ಹುಡುಗ ಕೈಬಿಟ್ಟ, ಅಜ್ಜ ಎದ್ದು ನಿಂತು ಅವನಿಗೆ ಬೈಯತೊಡಗಿದರು.